ಗಣಿ ಮುಚ್ಚಿದ ಊರಿನಲ್ಲಿ ಕೆಲಸ ಕಲಿಯುವುದು

ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಜಾವ ಒಂದು ಗಂಟೆ ನಿಂತರೆ ಸಾಕು, ಬಂಗಾರಪೇಟೆ, ಕೆಜಿಎಫ್ ಎರಡೂ ತಾಲ್ಲೂಕುಗಳ ಉದ್ಯೋಗದ ಲೆಕ್ಕ ಕಣ್ಣಿಗೆ ಬೀಳುತ್ತದೆ. ಮಾರಿಕುಪ್ಪಂನಲ್ಲಿ ಹೊರಟ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ, ಬೆಮಲ್ ನಗರ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಕೂರಲು ಜಾಗವಿರುವುದಿಲ್ಲ. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಬಾಗಿಲ ಬಳಿ ನಿಂತವರಲ್ಲಿ ಐಟಿಐ ಓದಿದವನಿದ್ದಾನೆ, ಬಿಕಾಂ ಮುಗಿಸಿದವಳಿದ್ದಾಳೆ, ಎಂಜಿನಿಯರಿಂಗ್ ಮಾಡಿ ಕಾಲ್ ಸೆಂಟರಿಗೆ ಹೋಗುವವನೂ ಇದ್ದಾನೆ. ಬೆಂಗಳೂರು ಇಲ್ಲಿಂದ ಇನ್ನೂ ಸುಮಾರು 70 ಕಿಲೋಮೀಟರ್. ರಾತ್ರಿ ಮನೆ ಸೇರಿ ಉಂಡು ಮಲಗಿದರೆ ಮತ್ತೆ ಇದೇ ರೈಲು. ಈ ಭಾಗದ ಯುವಕರಿಗೆ ಇಷ್ಟು ವರ್ಷ ಕೆಲಸ ಕೊಡಿಸಿದ ಸೇವೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ರೈಲಿನ ಹೆಸರನ್ನೇ. ಕಚೇರಿಗಳ ಹೆಸರು ಆಮೇಲೆ.

ಕಚೇರಿಗಳು ಇರಲಿಲ್ಲವೆಂದಲ್ಲ, ಬಹಳ ಇದ್ದವು. ಅವು ಹೇಗೆ ಬಂದವು, ಏನು ಮಾಡಿದವು, ಎಲ್ಲಿ ನಿಂತವು ಎಂಬುದನ್ನು ಒಮ್ಮೆ ಹಿಂದಿನಿಂದ ನೋಡಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟ ಮೇಲೆ ಕೋಲಾರದ ಚಿನ್ನದ ಗಣಿ ತಾನೇ ಒಂದು ಶಾಲೆಯಾಗಿತ್ತು. ಹುಡುಗ ಹೆಲ್ಪರ್ ಆಗಿ ಒಳಗೆ ಇಳಿಯುತ್ತಿದ್ದ. ಅಪ್ಪನೋ ಮಾವನೋ ಅದೇ ಪಾಳಿಯಲ್ಲಿ ಇರುತ್ತಿದ್ದರು. ಮರದ ದಿಮ್ಮಿಯನ್ನು ಎಲ್ಲಿ ಆನಿಸಬೇಕು, ಬಂಡೆ ಯಾವ ಸದ್ದು ಮಾಡಿದರೆ ಹಿಂದೆ ಸರಿಯಬೇಕು ಎಂಬುದನ್ನು ಕಲಿಸಲು ಪಠ್ಯಪುಸ್ತಕ ಇರಲಿಲ್ಲ. ನೆಲದ ಮೇಲೆ ಕುಲುಮೆ, ವರ್ಕ್‌ಶಾಪ್, ಮಿಲ್ಲು, ಆಸ್ಪತ್ರೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಾಗ ಈ ಊರಿನವರು ಎಲೆಕ್ಟ್ರಿಷಿಯನ್ ಕಸುಬನ್ನು ದೇಶದ ಎಷ್ಟೋ ಪಟ್ಟಣಗಳಿಗಿಂತ ಮೊದಲೇ ಕಲಿತರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫ್ ಗಣಿಯಲ್ಲಿ ಪಂಪು, ಗಾಳಿಯಂತ್ರ, ವೈಂಡಿಂಗ್ ಎಂಜಿನ್ ನೋಡಿಕೊಳ್ಳುತ್ತಿದ್ದ ಕೈಗಳಿಗೆ ಸರ್ಟಿಫಿಕೇಟು ಇರಲಿಲ್ಲ, ಆದರೆ ಕೆಲಸ ಗೊತ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಇತ್ತು, ಮುಂದಿನ ಕಥೆಗೆ ಅದೇ ಮುಖ್ಯ. ಮನೆ, ನೀರು, ಆಸ್ಪತ್ರೆ, ಕೆಲಸ ಎಲ್ಲವೂ ಕಂಪನಿಯದು. ಬೀದಿ, ಚರಂಡಿ, ಮಾರುಕಟ್ಟೆ ಸ್ಯಾನಿಟರಿ ಬೋರ್ಡಿನದು. ಊರಿನ ಮಕ್ಕಳ ದುಡಿಮೆಯ ಬಗ್ಗೆ ಊರಿನ ಆಡಳಿತ ಯೋಚಿಸಬೇಕಾದ ಪ್ರಸಂಗವೇ ಬರಲಿಲ್ಲ. ಚರಂಡಿ ನೋಡಿಕೊಳ್ಳಲು ಹುಟ್ಟಿದ ಸಂಸ್ಥೆಗೆ ಉದ್ಯೋಗ ನೋಡಿಕೊಳ್ಳುವ ಅಭ್ಯಾಸ ಎಲ್ಲಿಂದ ಬರಬೇಕು? ಕೆಜಿಎಫ್ ನಗರಸಭೆಯನ್ನು ಇವತ್ತು ದೂರುವವರು ಈ ಹಿನ್ನೆಲೆಯನ್ನು ನೆನಪಿಡಬೇಕು.

ಸರ್ಕಾರದ ಉದ್ಯೋಗ ಸೇವೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ಬಂತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಯಿತು, ಇಂದಿನ ಐಟಿಐಗಳ ಬೇರು ಅದು. ಈ ಎರಡರ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ. ಅದೇ ವರ್ಷ ಮೈಸೂರು ಸರ್ಕಾರ ಚಿನ್ನದ ಗಣಿಗಳನ್ನೂ ವಹಿಸಿಕೊಂಡಿತು. ಗಣಿ, ತರಬೇತಿ, ಉದ್ಯೋಗ ಕಚೇರಿ ಮೂರೂ ಒಂದೇ ಸರ್ಕಾರದ ಅಡಿಯಲ್ಲಿದ್ದ ಆರು ವರ್ಷಗಳು ಅವು. ಮೂರನ್ನೂ ಹೊಂದಿಸಿ ಈ ಭಾಗಕ್ಕೊಂದು ಯೋಜನೆ ಮಾಡಲು ಅಷ್ಟು ಅನುಕೂಲದ ಕಾಲ ಮತ್ತೆ ಬರಲಿಲ್ಲ. 1962ರಲ್ಲಿ ಗಣಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು.

1959ರ ಕಾಯ್ದೆ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಲೇಬೇಕೆಂದು ಹೇಳಿತು. ಆ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹೆಸರು ನೋಂದಾಯಿಸಿ, ಕಾರ್ಡು ಮಾಡಿಸಿ, ತಪ್ಪದೆ ರಿನ್ಯೂವಲ್ ಮಾಡಿಸಿಕೊಂಡು ಬಂದ ತಲೆಮಾರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತಾಗಿದ್ದು ಕಾರ್ಡು ಹಳದಿ ಬಣ್ಣಕ್ಕೆ ತಿರುಗಿದ ಮೇಲೆ.

ಆ ಕಾಲದಲ್ಲಿ ನಿಜವಾಗಿ ಫಲ ಕೊಟ್ಟಿದ್ದು 1961ರ ಅಪ್ರೆಂಟಿಸ್ ಕಾಯ್ದೆ ಎಂದು ನನ್ನ ಎಣಿಕೆ. 1964ರಲ್ಲಿ ಸ್ಥಾಪನೆಯಾದ ಬೆಮಲ್ ಕೆಜಿಎಫ್‌ನಲ್ಲಿ ಡೋಜರ್, ಎಕ್ಸ್‌ಕವೇಟರ್ ಮಾಡುವ ಕಾರ್ಖಾನೆ ಕಟ್ಟಿತು. ಫಿಟ್ಟರ್, ಟರ್ನರ್, ವೆಲ್ಡರ್, ಮೆಷಿನಿಸ್ಟ್ ಓದಿದ ಹುಡುಗರಿಗೆ ಅಲ್ಲಿ ಅಪ್ರೆಂಟಿಸ್ ಆಗಿ ನಿಜವಾದ ಯಂತ್ರದ ಮುಂದೆ ನಿಲ್ಲುವ ಅವಕಾಶ ಸಿಕ್ಕಿತು. ಎಲ್ಲರಿಗೂ ಕಾಯಂ ಕೆಲಸ ಸಿಗಲಿಲ್ಲ. ಸಿಗದವರೂ ಪೀಣ್ಯ, ಹೊಸೂರಿನ ಕಾರ್ಖಾನೆಗಳ ಗೇಟಿನಲ್ಲಿ ‘ಬೆಮಲ್‌ನಲ್ಲಿ ಅಪ್ರೆಂಟಿಸ್ ಮಾಡಿದ್ದೀನಿ’ ಎಂದರೆ ಆ ಮಾತಿಗೆ ತೂಕವಿತ್ತು. ಕಲಿಯುವ ಜಾಗ, ದುಡಿಯುವ ಜಾಗ ಹತ್ತಿರವಿದ್ದಾಗ ತರಬೇತಿಗೆ ಬೆಲೆ ಬರುತ್ತದೆ. ಗಣಿಯ ಒಳಗೆ ನಡೆದದ್ದೂ ಇದೇ ಅಲ್ಲವೆ?

ಐಟಿಐ ಫಿಟ್ಟರ್ ತರಗತಿಯ ಮೊದಲ ತಿಂಗಳುಗಳನ್ನು ನೋಡದವರಿಗೆ ಇದು ಒಣ ಮಾತಾಗಿ ಕೇಳಬಹುದು. ವೈಸಿಗೆ ಕಚ್ಚಿಸಿದ ಒಂದು ಕಬ್ಬಿಣದ ತುಂಡು, ಕೈಯಲ್ಲಿ ಅರ. ಉಜ್ಜಬೇಕು, ದಿನಗಟ್ಟಲೆ ಉಜ್ಜಬೇಕು. ಮುಂದಕ್ಕೆ ಒತ್ತು, ಹಿಂದಕ್ಕೆ ಬರುವಾಗ ಒತ್ತಬಾರದು. ಆಮೇಲೆ ಮಟ್ಟಗೋಲನ್ನು ತುಂಡಿನ ಅಂಚಿಗೆ ಆನಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ಸೋರಿದರೂ ಮೇಷ್ಟ್ರು ತುಂಡನ್ನು ವಾಪಸ್ ಕೊಡುತ್ತಾರೆ. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಗುವ ಹೊತ್ತಿಗೆ ಹುಡುಗನಿಗೆ ಒಂದು ವಿಷಯ ಮೈಗೂಡಿರುತ್ತದೆ: ಸರಿಯಾಗಿದೆ ಎಂದರೆ ಏನು ಎಂಬುದು. ಮೂರು ತಿಂಗಳ ಯಾವ ಕೋರ್ಸೂ ಇದನ್ನು ಕೊಡಲಾರದು.

ಇನ್ನೊಂದು ಕಡೆ ಯೋಜನೆಗಳ ಸಾಲು ಉದ್ದವಾಗುತ್ತಲೇ ಹೋಯಿತು. 1977ರ ಸುಮಾರಿಗೆ ಪದವಿಪೂರ್ವ ಕಾಲೇಜುಗಳಿಗೆ ಬಂದ ವೃತ್ತಿ ಶಿಕ್ಷಣದ ಜೆಓಸಿ, 1979ರಲ್ಲಿ ಹಳ್ಳಿಯ ಯುವಕರಿಗೆ ಸ್ವಉದ್ಯೋಗ ತರಬೇತಿಯ ಟ್ರೈಸೆಮ್, 1993ರಲ್ಲಿ ಸಾಲಕ್ಕೆ ಪ್ರಧಾನಮಂತ್ರಿ ರೋಜಗಾರ್ ಯೋಜನೆ, 1997ರಲ್ಲಿ ಪಟ್ಟಣದ ಬಡವರಿಗೆ ಸ್ವರ್ಣ ಜಯಂತಿ ಶಹರಿ ರೋಜಗಾರ್. ಕೆಜಿಎಫ್ ನಗರಸಭೆ, ಬಂಗಾರಪೇಟೆ ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಪಾಲಿಗೆ ಈ ಕೊನೆಯದು ಮುಖ್ಯ, ಏಕೆಂದರೆ ತರಬೇತಿಯ ಫಲಾನುಭವಿಯನ್ನು ಆರಿಸುವ ಕೆಲಸ ಪಟ್ಟಣದ ಆಡಳಿತಕ್ಕೆ ಬಂತು. ಆರಿಸುವ ಕೆಲಸ ಮಾತ್ರ. ಏನು ಕಲಿಸಬೇಕು, ಕಲಿತವರು ಎಲ್ಲಿ ದುಡಿಯಬೇಕು ಎಂಬ ತೀರ್ಮಾನ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಉಳಿಯಿತು.

ಹೀಗಿರುವಾಗಲೇ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಮುಚ್ಚುವ ಸೂಚನೆ ದಶಕದಿಂದಲೇ ಇತ್ತು. ಕೆಲಸ ಕಳೆದುಕೊಂಡವರಿಗೆ ಪರಿಹಾರದ ಪ್ಯಾಕೇಜು ಬಂತು, ಅದರ ಬಾಕಿಗಾಗಿ ಹೋರಾಟವೂ ನಡೆಯಿತು. ಕೇಂದ್ರ ಸಾರ್ವಜನಿಕ ಉದ್ದಿಮೆಗಳನ್ನು ಬಿಟ್ಟವರಿಗೆಂದು ಅದೇ ಹೊತ್ತಿಗೆ ‘ಸಲಹೆ, ಮರುತರಬೇತಿ, ಮರುನಿಯೋಜನೆ’ ಎಂಬ ಯೋಜನೆಯೂ ಇತ್ತು. ಅದರ ಕಣ್ಣಿದ್ದದ್ದು ಕೆಲಸ ಬಿಟ್ಟವನ ಮೇಲೆ. ಐವತ್ತು ದಾಟಿದ ಗಣಿ ಕಾರ್ಮಿಕ ಹೊಸ ಕಸುಬು ಕಲಿಯುವುದು ಕಷ್ಟ. ಕಲಿಯಬೇಕಾಗಿದ್ದದ್ದು ಲೈನ್ ಮನೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಅವನ ಮಗಳು, ಮಗ. ಊರಿಗೆ ಊರೇ ಕೆಲಸ ಕಳೆದುಕೊಂಡಾಗ ವ್ಯಕ್ತಿಗೆ ಕೊಡುವ ತರಬೇತಿ ಸಾಲದು, ಊರಿಗೇ ಕೊಡಬೇಕಾಗುತ್ತದೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲು ಕುಸಿಯತೊಡಗಿದಾಗ 1960ರ ದಶಕದಲ್ಲೇ ಬೋಖುಮ್‌ನಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ಕೊನೆಯ ಗಣಿಗಳನ್ನು 2018ಕ್ಕೆ ಮುಚ್ಚುವುದೆಂದು 2007ರಲ್ಲೇ ತೀರ್ಮಾನಿಸಿ, ಅಷ್ಟು ವರ್ಷ ಮೊದಲೇ ಜನರನ್ನು ಬೇರೆ ಕೆಲಸಗಳಿಗೆ ಸಜ್ಜುಗೊಳಿಸಿದರು. ಅಲ್ಲಿನ ಹಣ, ಅಲ್ಲಿನ ಸಂಘಟನೆ ನಮಗಿರಲಿಲ್ಲ, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಮುಂಚೆ ಯೋಚಿಸಲು ಹಣ ಬೇಕಿಲ್ಲ.

ಕೆಜಿಎಫ್‌ನ ಮಕ್ಕಳು ತಾವೇ ದಾರಿ ಹುಡುಕಿಕೊಂಡರು. ಮನೆಯಲ್ಲಿ ತಮಿಳೋ ತೆಲುಗೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಗಣಿ ಕಾಲದ ಶಾಲೆಗಳು ಬಿಟ್ಟುಹೋದ ಆ ಇಂಗ್ಲಿಷು ಬೆಂಗಳೂರಿನ ಬಿಪಿಓಗಳಲ್ಲಿ, ಆಸ್ಪತ್ರೆಗಳಲ್ಲಿ, ಹೋಟೆಲುಗಳಲ್ಲಿ ಬಾಗಿಲು ತೆರೆಯಿತು. 1986ರಲ್ಲಿ ಉರಿಗಾಂನಲ್ಲಿ ಶುರುವಾಗಿ ಈಗ ಡಾ. ಟಿ. ತಿಮ್ಮಯ್ಯ ಅವರ ಹೆಸರು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜು ಇನ್ನೊಂದಷ್ಟು ಜನರಿಗೆ ಆಸರೆಯಾಯಿತು. ರೈಲು ತುಂಬತೊಡಗಿದ್ದು ಆಗ.

ಆ ಹೊತ್ತಿನಲ್ಲಿ ಸ್ಥಳೀಯ ಸಂಸ್ಥೆಯ ಕೈಯಲ್ಲಿದ್ದದ್ದೇನು? ಕರ್ನಾಟಕದ ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಕಂಪ್ಯೂಟರ್ ತರಬೇತಿ, ಡ್ರೈವಿಂಗ್, ಹೊಲಿಗೆ ಬರುವುದು ಈ ಹಣದಲ್ಲಿ. ಪರಿಶಿಷ್ಟ ಜಾತಿಯ ಕುಟುಂಬಗಳೇ ಹೆಚ್ಚಿರುವ ಗಣಿ ಲೈನುಗಳ ಊರಿನಲ್ಲಿ ಈ ನಿಧಿಗೆ ದೊಡ್ಡ ಅರ್ಥವಿದೆ. ಸಾಮಾನ್ಯವಾಗಿ ಆಗುವುದು ಹೊಲಿಗೆ ಯಂತ್ರ ವಿತರಣೆ. ಸಭಾಂಗಣದಲ್ಲಿ ಸಾಲಾಗಿ ಇಟ್ಟ ಕರಿಯ ಯಂತ್ರಗಳು, ಪ್ರತಿಯೊಂದಕ್ಕೂ ಅಂಟಿಸಿದ ನಂಬರು, ವೇದಿಕೆಯ ಭಾಷಣ ಮುಗಿಯುವವರೆಗೆ ಕಾಯುವ ಹೆಂಗಸರು, ಆಮೇಲೆ ಯಂತ್ರವನ್ನು ಆಟೋಗೆ ಏರಿಸುವ ಗಡಿಬಿಡಿ. ಅದರಿಂದ ಬದುಕು ಕಟ್ಟಿಕೊಂಡ ಹೆಣ್ಣುಮಕ್ಕಳಿದ್ದಾರೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಯಂತ್ರ ಕೊಟ್ಟು ಎರಡು ವರ್ಷವಾದ ಮೇಲೆ ಅದು ಓಡುತ್ತಿದೆಯೇ, ಬಟ್ಟೆ ಎಲ್ಲಿಂದ ಬರುತ್ತಿದೆ ಎಂದು ಕೇಳಲು ನಗರಸಭೆಯಲ್ಲಿ ಒಬ್ಬ ಮನುಷ್ಯ ಬೇಕು.

2008ರ ನಂತರ ಸಂಸ್ಥೆಗಳು ಒಂದರ ಹಿಂದೊಂದು ಬಂದವು. ಆ ವರ್ಷ ರಾಜ್ಯ ಕೌಶಲ್ಯ ಅಭಿವೃದ್ಧಿ ನಿಗಮ. ಮರುವರ್ಷದಿಂದ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲಿ, ಜಿಲ್ಲೆಗೊಂದು ಬ್ಯಾಂಕ್ ತರಬೇತಿ ಕೇಂದ್ರ. 2011ರಲ್ಲಿ ಗ್ರಾಮೀಣ ಜೀವನೋಪಾಯಕ್ಕೆ ಸಂಜೀವಿನಿ, 2013ರಲ್ಲಿ ನಗರ ಜೀವನೋಪಾಯ ಅಭಿಯಾನ, 2015ರಲ್ಲಿ ಕೇಂದ್ರದ ಕೌಶಲ ವಿಕಾಸ ಯೋಜನೆ, 2017ರಲ್ಲಿ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಯೋಜನೆ. ಇವುಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಉಜಿರೆಯ ಮಾದರಿಯ ಮೇಲೆ. ಅಲ್ಲೇ ಉಳಿಸಿಕೊಂಡು ಉಚಿತವಾಗಿ ಕಲಿಸುತ್ತಾರೆ. ಕಲಿತು ಹೋದವರ ಬೆನ್ನು ಬಿಡದೆ ಎರಡು ವರ್ಷ ವಿಚಾರಿಸುತ್ತಾರೆ. ಹೊಲಿಗೆ ಯಂತ್ರದ ಕಥೆಯಲ್ಲಿ ಇಲ್ಲದ ಆ ಒಬ್ಬ ಮನುಷ್ಯ ಇಲ್ಲಿದ್ದಾನೆ.

ಐಟಿಐಗಳಿಗೂ ಕಾಯಕಲ್ಪವಾಯಿತು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಸುಮಾರು 4,636 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಸಿಎನ್‌ಸಿ, ರೋಬಾಟು ಬಂದವು. ಅರ ಹಿಡಿದು ಉಜ್ಜುವುದು ಮಾತ್ರ ಬಿಡಬಾರದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಕೆಲಸ ಹುಡುಕುವವರಿಗೆ ಬಸ್ಸು, ರೈಲಿನ ಖರ್ಚು ಎಷ್ಟು ಭಾರವೆಂದು ಬಲ್ಲವರು ಇದನ್ನು ಸಣ್ಣದೆನ್ನಲಾರರು.

ಈ ನಡುವೆ ಕೆಲಸವೇ ಕೋಲಾರ ಜಿಲ್ಲೆಗೆ ಬಂತು. ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ, 2020ರಲ್ಲಿ ವಿಸ್ಟ್ರಾನ್‌ನ ಐಫೋನ್ ಜೋಡಣೆ. ಆ ವರ್ಷ ಡಿಸೆಂಬರ್ 12ರ ಬೆಳಿಗ್ಗೆ ವೇತನದ ಅಸಮಾಧಾನ ವಿಸ್ಟ್ರಾನ್ ಘಟಕದಲ್ಲಿ ಹಿಂಸೆಗೆ ತಿರುಗಿದ್ದು ಇಡೀ ದೇಶಕ್ಕೆ ಗೊತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಸೇರಿದ್ದ ಎಳೆಯರು. ಐಟಿಐ, ಡಿಪ್ಲೊಮಾ, ಪದವಿ ಓದಿದವರು. ಒಡೆದ ಗಾಜಿನ ಚಿತ್ರಗಳನ್ನೇ ಎಲ್ಲರೂ ನೋಡಿದರು. ನನಗೆ ಆಗ ಕಾಡಿದ್ದು ಬೇರೆ. ಈ ಮಕ್ಕಳಿಗೆ ಯಂತ್ರ ನಡೆಸುವುದನ್ನು ಕಲಿಸಿದವರಿದ್ದರು, ಕೆಲಸಕ್ಕೆ ಸೇರಿಸಿದವರಿದ್ದರು. ವೇತನದ ಚೀಟಿ ಓದುವುದು, ಗುತ್ತಿಗೆದಾರ ಯಾರು, ಮೂಲ ಮಾಲೀಕ ಯಾರು, ಓವರ್‌ಟೈಮ್ ಬರದಿದ್ದರೆ ಯಾವ ಕಚೇರಿಗೆ ಹೋಗಬೇಕು ಎಂದು ಹೇಳಿಕೊಟ್ಟವರು ಎಷ್ಟು ಜನ? ಉದ್ಯೋಗ ಸೇವೆ ಎಂದರೆ ಇದೂ ಸೇರಬೇಕು. ಉದ್ಯೋಗ ಮೇಳದ ಶಾಮಿಯಾನ ಒಂದು ದಿನ ಇರುತ್ತದೆ; ಈ ತಿಳಿವಳಿಕೆ ಬೇಕಾಗುವುದು ಮೂರನೇ ತಿಂಗಳಲ್ಲಿ. ಆ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ಬೆಳಗಿನ ರೈಲಿಗೆ ಹೋಗುತ್ತಿದ್ದ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಈಗ ಜಿಲ್ಲೆಯೊಳಗೇ ದುಡಿಯುವ ಅವಕಾಶವಿದೆ.

ಇನ್ನು ಮುಂದಿನದು. ಬಂಗಾರಪೇಟೆಯಿಂದ ಬೇರೆಯಾಗಿ ಕೆಜಿಎಫ್ ತನ್ನದೇ ತಾಲ್ಲೂಕಾಗಿದೆ. ಬೆಮಲ್ ಬಳಸದೆ ಬಿಟ್ಟಿದ್ದ ನೂರಾರು ಎಕರೆ ಜಾಗ ಕೈಗಾರಿಕೆಗೆಂದು ರಾಜ್ಯಕ್ಕೆ ಮರಳಿದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ 71 ಕಿಲೋಮೀಟರ್ ತೆರೆದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಹದಿಮೂರು ಸೈನೈಡ್ ದಿಬ್ಬಗಳ, ಅಂದರೆ ಗಣಿ ತ್ಯಾಜ್ಯದ ಗುಡ್ಡೆಗಳ, ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಆ ದಿಬ್ಬಗಳ ಕೆಲಸ ಶುರುವಾದರೆ ಪ್ರಯೋಗಾಲಯದಲ್ಲಿ ಮಾದರಿ ಪರೀಕ್ಷಿಸುವವರು, ಸೈನೈಡನ್ನು ಸುರಕ್ಷಿತವಾಗಿ ನಿಭಾಯಿಸುವವರು, ಪಂಪು ನಡೆಸುವವರು, ಸರ್ವೆ ಮಾಡುವವರು ಬೇಕು. ಉರಿಗಾಂನ ಸರ್ಕಾರಿ ಸ್ಕೂಲ್ ಆಫ್ ಮೈನ್ಸ್ ಇವತ್ತಿಗೂ ಗಣಿಗಾರಿಕೆಯ ಡಿಪ್ಲೊಮಾ ಕಲಿಸುತ್ತಿದೆ. ಅಲ್ಲಿ ಓದಿದ ಹುಡುಗರು ಕೆಲಸ ಹುಡುಕಿಕೊಂಡು ರಾಯಚೂರಿನ ಹಟ್ಟಿಗೆ, ತೆಲಂಗಾಣದ ಕಲ್ಲಿದ್ದಲ ಗಣಿಗಳಿಗೆ ಹೋಗುತ್ತಾರೆ. ಟೆಂಡರ್ ಕರೆಯುವ ಮೊದಲೇ ನಗರಸಭೆ, ತಾಲ್ಲೂಕು ಆಡಳಿತ, ಸ್ಕೂಲ್ ಆಫ್ ಮೈನ್ಸ್ ಮೂವರೂ ಕೂತು ಎಷ್ಟು ಜನ, ಯಾವ ಕೆಲಸಕ್ಕೆ, ಯಾವಾಗಿನಿಂದ ಎಂದು ಬರೆದಿಡಬೇಕು. ಊರಿನ ಮಕ್ಕಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ಷರತ್ತು ಆ ಟೆಂಡರಿನಲ್ಲೇ ಇರುವಂತೆ ನೋಡಿಕೊಳ್ಳಬೇಕು. ದಿಬ್ಬಗಳಿಗೂ ಆ ತರಗತಿಗಳಿಗೂ ದೂರ ಹೆಚ್ಚಿಲ್ಲ, ನಡೆದೇ ಹೋಗಬಹುದು.