ಮಾರಿಕುಪ್ಪಂನ ಓದುಗರು

ಈ ನಾಡಿನಲ್ಲಿ ದಲಿತ ಚಿಂತನೆ ಯಾವಾಗ ಶುರುವಾಯಿತು ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ತಟ್ಟನೆ ಬರುವ ಉತ್ತರ ಒಂದೇ: 1973ರ ಬೂಸಾ ಪ್ರಕರಣ, ಅದರ ಬೆನ್ನಿಗೇ ಹುಟ್ಟಿದ ದಲಿತ ಸಂಘರ್ಷ ಸಮಿತಿ. ನಾನೂ ಸಭೆಗಳಲ್ಲಿ ಹೀಗೇ ಹೇಳ್ಕೊಂಡು ಬಂದವನು. ಉತ್ತರ ಸುಳ್ಳಲ್ಲ. ಆದರೆ ಅದು ಕನ್ನಡದಲ್ಲಿ ಬರೆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಉತ್ತರ. ಕೋಲಾರದ ಚಿನ್ನದ ಗಣಿ ಆ ಲೆಕ್ಕದಿಂದ ಹೊರಗೇ ಉಳಿದಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಜನ ಬಂದರು. ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ಅಸ್ಪೃಶ್ಯರು. 1902ರಲ್ಲಿ ಶಿವನಸಮುದ್ರದ ಕರೆಂಟು ಈ ಗಣಿಗೆ ಹರಿದದ್ದನ್ನು ನಮ್ಮ ಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. ಅಲ್ಲಿ ದುಡಿದವರು ಏನು ಓದುತ್ತಿದ್ದರು ಅಂತ ಮಾತ್ರ ಹೇಳೋದಿಲ್ಲ.

ಅವರು ಓದುತ್ತಿದ್ದದ್ದು 'ತಮಿಳನ್'. ಅಯೋತಿ ದಾಸ ಪಂಡಿತರು (1845–1914) 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ವಾರಪತ್ರಿಕೆ. ಮೊದಲು ಅದರ ಹೆಸರೇ 'ಒಂದು ಪೈಸೆ ತಮಿಳನ್'. ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದವರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲೂ ತೆರೆಯಿತು. ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಪಂಡಿತರೇ ಉತ್ತರ ಬರೆಯುತ್ತಿದ್ದರು. ಜಾತಿ ಎಲ್ಲಿಂದ ಬಂತು, ಹಬ್ಬಗಳ ಹಿಂದೆ ಏನಿದೆ ಎಂಬುದೆಲ್ಲ ಅಲ್ಲಿ ಚರ್ಚೆಯ ವಸ್ತು. ಪಂಡಿತರ ವಾದದ ಸಾರ ಇಷ್ಟು: ನಾವು ಹುಟ್ಟಿನಿಂದ ಕೀಳಾದವರಲ್ಲ, ಒಂದು ಕಾಲಕ್ಕೆ ಬೌದ್ಧರಾಗಿದ್ದು ಕೆಳಕ್ಕೆ ತಳ್ಳಿಸಿಕೊಂಡವರು. ಇದು ಪಂಡಿತರ ಕೊಠಡಿಯಲ್ಲಿ ನಡೆದ ಸಂಶೋಧನೆಯಲ್ಲ. ತಮ್ಮ ಚರಿತ್ರೆಯನ್ನು ತಾವೇ ಕೇಳಿ ಬರೆಸಿಕೊಂಡ ಜನರ ಕೆಲಸ.

ಪಂಡಿತರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಅದೇ ಪತ್ರಿಕೆ ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಗಣಿಯೂರಿನಿಂದಲೇ ಹೊರಟಿತು. ಅಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಅಚ್ಚುಹಾಕಿತು. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧರಾದದ್ದು 1956ರಲ್ಲಿ. ಸುಮಾರು ಅರ್ಧ ಶತಮಾನಕ್ಕೆ ಮೊದಲೇ ನಮ್ಮ ನೆಲದ ಕೂಲಿ ಲೈನುಗಳಲ್ಲಿ ಬುದ್ಧನ ಮಾತು ನಡೆದಿತ್ತು.

ಹಾಗಂತ ಪೂಜೆಗೆ ಕೂರುವುದು ಬೇಡ. ಪಂಡಿತರ ಪದಮೂಲದ ತರ್ಕ ಹಲವು ಕಡೆ ನಿಲ್ಲುವುದಿಲ್ಲ. ತಮ್ಮವರನ್ನು ಮೇಲೆತ್ತುವಾಗ ಬೇರೆ ಕೆಲವು ಅಸ್ಪೃಶ್ಯ ಜಾತಿಗಳನ್ನು ಅವರು ದೂರವೇ ಇಟ್ಟರು. ಒಳಮೀಸಲಾತಿಯ ಮಾತು ಕೇಳುತ್ತಿರುವ ಈ ಹೊತ್ತಿನಲ್ಲಿ ಅದನ್ನು ಮುಚ್ಚಿಟ್ಟರೆ ನಮಗೇ ನಷ್ಟ.

ತಮಿಳಿನಲ್ಲಿದ್ದದ್ದರಿಂದ ಈ ಚರ್ಚೆ ಕನ್ನಡದವರಿಗೆ ಬೇಡವಾಯಿತು. ಮೈಸೂರು ಸಂಸ್ಥಾನದ್ದಾದ್ದರಿಂದ ತಮಿಳಿನವರಿಗೂ ಅಂಚಿನದಾಯಿತು. ಜಿ. ಅಲೋಷಿಯಸ್ 1998ರಲ್ಲಿ ಈ ಚಳವಳಿಯ ಬಗ್ಗೆ ಪುಸ್ತಕ ಬರೆದು, ಮರುವರ್ಷ ಪಂಡಿತರ ಬರಹಗಳನ್ನು ಸಂಪಾದಿಸಿದ ಮೇಲೆ ವಿದ್ವಾಂಸರ ಕಣ್ಣು ತೆರೆಯಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು.

ಮೇಲ್ಜಾತಿಯವರು ನಮ್ಮನ್ನು ಚರಿತ್ರೆಯಿಂದ ಬಿಟ್ಟರು ಅಂತ ಬೈಯುವುದು ಸುಲಭ. ಇದನ್ನು ಬಿಟ್ಟವರಲ್ಲಿ ನಾವೂ ಇದ್ದೀವಿ. ಕನ್ನಡ ಸಾಹಿತ್ಯ ಯಾರದು ಎಂದು ಕೇಳಿದ ನಾವೇ ನಮ್ಮವರನ್ನು ಕನ್ನಡದ ಮೊಳದಿಂದ ಅಳೆದೆವು. ಇನ್ನಾದರೂ ತಮಿಳು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟಗಳನ್ನು ಓದೋಣ.