ನೂರಕ್ಕೆ ನೂರ ಹತ್ತೊಂಬತ್ತು

2010ರ ಮಾರ್ಚ್ ಅಂತ್ಯಕ್ಕೆ ನಮ್ಮ ದೇಶದ ಪಟ್ಟಣಗಳಲ್ಲಿ ನೂರು ಜನಕ್ಕೆ 119 ದೂರವಾಣಿ ಸಂಪರ್ಕಗಳಿದ್ದವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಲೆಕ್ಕ ಹೇಳುತ್ತದೆ. ತೊಟ್ಟಿಲ ಕೂಸನ್ನೂ ಸೇರಿಸಿ ಎಣಿಸಿದ ನೂರು ಜನಕ್ಕೆ! ಅದೇ ಹೊತ್ತಿನಲ್ಲಿ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 24. ಕಚೇರಿಯಲ್ಲಿ ತಖ್ತೆ ತುಂಬುವುದೇ ಕಸುಬಾದ ನಮ್ಮಂಥವರಿಗೆ ಇಂಥ ಅಂಕಿ ಕಂಡೊಡನೆ ಒಂದು ಸಂಶಯ ಏಳುತ್ತದೆ. ಎಣಿಸಿದ್ದು ಜನರನ್ನೋ, ಸಂಪರ್ಕಗಳನ್ನೋ? ಈ ಅಂಕಿ ಬೆಳೆದು ಬಂದ ದಾರಿಯಲ್ಲಿ ಹೈದರಾಬಾದಿನ ಕನ್ನಡಿಗರ ಪಾಲೂ ಇದೆಯೆಂಬುದು ನಮ್ಮ ಎಣಿಕೆ.

1882ರ ಜನವರಿ 28ರಂದು ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದವು. ಕಲ್ಕತ್ತೆಯ ಕೇಂದ್ರಕ್ಕಿದ್ದ ಚಂದಾದಾರರು 93 ಮಂದಿ. ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶಕ್ಕೆಲ್ಲ ಎಂಬತ್ತು ಸಾವಿರದ ಆಸುಪಾಸು, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಜನಕ್ಕೆ ಒಂದು. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಗಿ, ಅದರ ಬಡಾವಣೆಗೆ ದೂರವಾಣಿನಗರವೆಂಬ ಹೆಸರೇ ಬಂತು. ಆದರೂ ಮನೆಗೆ ದೂರವಾಣಿ ಬರಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ವಿಳಾಸದ ಕೆಳಗೆ ನೆರೆಮನೆಯವರ ಸಂಖ್ಯೆ ಬರೆದು ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದುದು ಹಿರಿಯ ವಾಚಕರಿಗೆ ಮರೆತಿರಲಾರದು. ಒಂದು ಸಂಪರ್ಕದ ಮೇಲೆ ಐದಾರು ಸಂಸಾರಗಳ ಹುಟ್ಟು, ಸಾವು, ಮದುವೆಗಳ ಸುದ್ದಿಯೆಲ್ಲ ಓಡಾಡುತ್ತಿತ್ತು. ಸರ್ಕಾರಿ ಲೆಕ್ಕದಲ್ಲಿ ಮಾತ್ರ ಅದು ಒಂದೇ. ಆಗಿನ ಅಂಕಿ ಇದ್ದುದಕ್ಕಿಂತ ಕಡಿಮೆ ಹೇಳುತ್ತಿತ್ತು, 2010ರದು ಇದ್ದುದಕ್ಕಿಂತ ಹೆಚ್ಚು ಹೇಳಿತು ಎಂದರೆ ತಪ್ಪಾಗದು.

1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಸಿ-ಡಾಟ್ ಸಂಸ್ಥೆ ದೇಶದಲ್ಲೇ ರೂಪಿಸಿದ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವನ್ನು ಮೊದಲು ಕೂರಿಸಿದ್ದು ಅಲ್ಲಿ. ಧೂಳು, ಸೆಕೆ ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವುದು ಅದರ ವಿಶೇಷ. ಚೆನ್ನಮ್ಮನ ಊರಿಗೆ ಈ ಹಿರಿಮೆಯೂ ಸಲ್ಲಬೇಕು. ನಮ್ಮ ಶಾಲಾ ಪುಸ್ತಕಗಳಲ್ಲಿ ಇದು ಕಾಣುವುದಿಲ್ಲವೆಂಬುದು ಬೇರೆ ಮಾತು. ಆಮೇಲೆ ಬೀದಿಬೀದಿಗೂ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಊರಿನವರೊಡನೆ ಮಾತನಾಡಲು ನಮ್ಮವರು ನಿದ್ದೆಗೆಟ್ಟು ಸಾಲು ನಿಂತದ್ದು ಆ ಕಾಲುದರಕ್ಕಾಗಿಯೇ.

1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯ ಸಚಿವ ಸುಖರಾಂ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಆಗ ನಿಮಿಷಕ್ಕೆ ಹದಿನಾರು ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ಹಣ ತೆರಬೇಕಿತ್ತು. 1999ರ ನೀತಿಯು ಕಂಪನಿಗಳ ನಿಗದಿತ ಲೈಸೆನ್ಸ್ ಶುಲ್ಕವನ್ನು ಆದಾಯದ ಪಾಲಾಗಿ ಬದಲಿಸಿತು. 2010ಕ್ಕೆ ನೂರು ಜನಕ್ಕೆ 15 ದೂರವಾಣಿ ಎಂಬ ಗುರಿಯನ್ನೂ ಇಟ್ಟಿತು. ಗುರಿ ಇಟ್ಟವರಿಗೇ ನಂಬಿಕೆ ಇತ್ತೋ ಇಲ್ಲವೋ! 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. 2004ರ ಅಕ್ಟೋಬರಿನಲ್ಲಿ ಮೊಬೈಲುಗಳ ಸಂಖ್ಯೆ ತಂತಿಯ ದೂರವಾಣಿಗಳನ್ನು ಹಿಂದಿಕ್ಕಿತು. 2010ಕ್ಕೆ ದೇಶದ ಒಟ್ಟು ಅಂಕಿ ನೂರಕ್ಕೆ 52 ದಾಟಿತ್ತು.

ಇನ್ನು ನಮ್ಮ ಪಾಲಿನ ಕಥೆ. ಮೊಬೈಲಿಗಾಗಿ ದೇಶವನ್ನು ವಲಯಗಳಾಗಿ ಹಂಚಿದಾಗ ಹೆಚ್ಚಾಗಿ ರಾಜ್ಯದ ಗಡಿಗಳನ್ನೇ ಹಿಡಿದರು. ಬೀದರ, ಕಲಬುರ್ಗಿ, ರಾಯಚೂರುಗಳು 1956ರ ಅಕ್ಟೋಬರ್‌ವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬೀದರಕ್ಕೆ ಇಲ್ಲಿಂದ ಸುಮಾರು 140 ಕಿಲೋಮೀಟರು. ಆದರೆ ಏಳು ನೂರು ಕಿಲೋಮೀಟರು ದೂರದ ಶ್ರೀಕಾಕುಳಂ ಹೈದರಾಬಾದಿನ ವಲಯದ್ದಾಯಿತು, ಬೀದರ ಪರವಲಯದ್ದಾಯಿತು. ಜಹೀರಾಬಾದ್ ದಾಟಿ ಗಡಿ ಮೀರುತ್ತಲೇ ರೋಮಿಂಗ್. ತಾಯಿಯನ್ನು ನೋಡಲು ಹೋದ ಮಗ, ಹೈದರಾಬಾದಿನ ಕಚೇರಿಯಿಂದ ಬಂದ ಕರೆಗೆ ತಾನೇ ದುಡ್ಡು ಕೊಡಬೇಕು. ಉಪಾಯ ತಾನಾಗಿ ಹೊಳೆಯಿತು: ಊರಿನಲ್ಲೊಂದು ಸಿಮ್ಮು, ಇಲ್ಲೊಂದು ಸಿಮ್ಮು. 2006ರ ಮಾರ್ಚಿನಲ್ಲಿ ಬಿ.ಎಸ್.ಎನ್.ಎಲ್. ದೇಶಕ್ಕೆಲ್ಲ ನಿಮಿಷಕ್ಕೆ ಒಂದು ರೂಪಾಯಿಯ ‘ಒನ್ ಇಂಡಿಯಾ’ ಯೋಜನೆ ತಂದಾಗ ಎಸ್.ಟಿ.ಡಿ. ಅಗ್ಗವಾಯಿತು, ರೋಮಿಂಗ್ ಭಾರ ಉಳಿಯಿತು. ಎರಡನೆಯ ಸಿಮ್ಮೂ ಉಳಿಯಿತು. ನೂರು ಜನಕ್ಕೆ 119 ಆದದ್ದರಲ್ಲಿ ಇಂಥ ಎರಡನೆಯ ಸಿಮ್ಮುಗಳೂ ಸೇರಿವೆ.

ಇಂಥ ಲೆಕ್ಕಕ್ಕೆ ಒಮ್ಮೆ ಶೋಧನೆಯೂ ಆಯಿತು. 2012ರ ಜೂನಿನಲ್ಲಿ 93 ಕೋಟಿ ದಾಟಿದ್ದ ಮೊಬೈಲ್ ಸಂಪರ್ಕಗಳು ವರ್ಷದ ಕೊನೆಗೆ 86 ಕೋಟಿಯ ಸುಮಾರಿಗೆ ಇಳಿದವು. ಕಂಪನಿಗಳು ಬಳಕೆಯಿಲ್ಲದ ಸಂಖ್ಯೆಗಳನ್ನು ಪಟ್ಟಿಯಿಂದ ತೆಗೆದುಹಾಕಿದ್ದೇ ಮುಖ್ಯ ಕಾರಣ. ಮೇಜಿನ ಖಾನೆಯಲ್ಲಿ ಮಲಗಿದ್ದ ಸಿಮ್ಮುಗಳು ಹೋದವು, ಜನ ಎಲ್ಲಿಗೂ ಹೋಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತಿನ ದರವನ್ನೇ ತೆಗೆದುಹಾಕಿತು. ರೋಮಿಂಗ್ ಶುಲ್ಕವೂ ಕರಗಿತು, ವಲಯದ ಗಡಿಗೆ ಅರ್ಥ ಉಳಿಯಲಿಲ್ಲ. 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪನಿಗಳು ಸಂಖ್ಯೆ ಜೀವಂತವಿರಬೇಕಾದರೆ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಿಸಬೇಕೆಂದವು. ದೇಶದ ಅಂಕಿ ಮತ್ತೆ ಕುಸಿಯಿತು.

ಆಗ ನಮ್ಮ ಮನೆಗಳಲ್ಲಿ ಎದ್ದ ಪ್ರಶ್ನೆ ಯಾವ ಸಂಖ್ಯೆಯನ್ನು ಬಿಡುವುದೆಂಬುದು. ಹೈದರಾಬಾದಿನದು ಕಚೇರಿ, ಬ್ಯಾಂಕು, ಮಕ್ಕಳ ಶಾಲೆಗಳಿಗೆ ಕೊಟ್ಟದ್ದು. ಊರಿನದು ಹೊಲದ ಕಾಗದಪತ್ರ, ತಂದೆಯವರ ಪಿಂಚಣಿ ಖಾತೆಗೆ ಸೇರಿದ್ದು. ಊರಿನ ಹತ್ತು ಜನರಿಗೆ ಬಾಯಿಪಾಠವಾಗಿದ್ದುದೂ ಅದೇ. ಹೊಸ ಸಂಖ್ಯೆ ಕೊಟ್ಟರೂ ಹಿರಿಯರು ಹಳೆಯದಕ್ಕೇ ಒತ್ತುತ್ತಾರೆ. ಅನೇಕರು ಎರಡು ಸಿಮ್ಮಿನ ಹ್ಯಾಂಡ್‌ಸೆಟ್ಟು ಕೊಂಡು ಎರಡನ್ನೂ ಉಳಿಸಿಕೊಂಡರು. ಕೆಲವರು ಊರಿನದನ್ನೊಂದನ್ನೇ ಇಟ್ಟುಕೊಂಡು ಇಲ್ಲಿಯ ಕೆಲಸಕ್ಕೂ ಅದನ್ನೇ ಕೊಡುತ್ತಿದ್ದಾರೆ.

2014ರ ಜೂನ್ 2ರಂದು ತೆಲಂಗಾಣ ಬೇರೆಯಾದರೂ ಪ್ರಾಧಿಕಾರದ ತಿಂಗಳ ವರದಿಗಳಲ್ಲಿ ಮೊಬೈಲ್ ವಲಯ ಇನ್ನೂ ಒಂದೇ, ‘ಆಂಧ್ರಪ್ರದೇಶ’. ಹೈದರಾಬಾದಿನವರೂ ವಿಜಯವಾಡದವರೂ ಅಲ್ಲಿ ಒಟ್ಟಿಗೆ ಲೆಕ್ಕಕ್ಕೆ ಬೀಳುತ್ತಾರೆ. ಕಾಚಿಗುಡದಲ್ಲಿ ಇಪ್ಪತ್ತು ವರ್ಷದಿಂದ ಮನೆ ಮಾಡಿಕೊಂಡಿದ್ದು, ಕೈಯಲ್ಲಿ ರಾಯಚೂರಿನಲ್ಲಿ ಕೊಂಡ ಸಂಖ್ಯೆ ಇರುವವರು ಮಾತ್ರ ಕರ್ನಾಟಕದ ಚಂದಾದಾರರು.