ಮೂವತ್ತೆರಡು ಕವಳದ ಲೆಕ್ಕ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಅನಶನವೆಂದರೆ ಉಪವಾಸವೆಂಬುದು ನಮ್ಮ ಮನೆಗಳ ಮಕ್ಕಳಿಗೂ ವಿದಿತವಾಗಿದೆ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರನ್ನು ಮೆರವಣಿಗೆಯಲ್ಲಿ ಕರೆತಂದು, ಹಾರ ಹಾಕಿ ಸನ್ಮಾನಿಸುವ ಪದ್ಧತಿ ಹಲವೆಡೆ ಇದೆ. ಅವಮೌದರ್ಯ, ಅಂದರೆ ಹೊಟ್ಟೆ ಹಿಡಿಯುವುದಕ್ಕಿಂತ ಕಡಿಮೆ ಉಣ್ಣುವುದನ್ನು, ಮಾಡಿದವನಿಗೆ ಹಾರ ಹಾಕಿದ್ದನ್ನು ಈ ಅರವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಕಂಡಿಲ್ಲ. ಹಾಕುವುದಾದರೂ ಹೇಗೆ? ಒಂದು ತುತ್ತು ಮೊದಲೇ ಎಲೆಯ ಮುಂದಿನಿಂದ ಎದ್ದವನನ್ನು ಗುರುತಿಸುವವರಾರು?

ಆದರೆ ಪ್ರಾಚೀನರು ಈ ಕಾಣದ ತಪಸ್ಸಿಗೇ ಖಚಿತವಾದ ಲೆಕ್ಕವೊಂದನ್ನು ಇಟ್ಟಿದ್ದಾರೆ. ವಟ್ಟಕೇರಾಚಾರ್ಯರ ಮೂಲಾಚಾರವೂ ಶಿವಾರ್ಯರ ಭಗವತೀ ಆರಾಧನೆಯೂ (ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗಾಥೆಗಳು ಈ ಗ್ರಂಥದವೇ) ಪುರುಷನ ಆಹಾರ 32 ಕವಳ ಎಂದು ಹೇಳುತ್ತವೆ; ಸ್ತ್ರೀಗೆ 28 ಕವಳ ಎಂಬುದು ಭಗವತೀ ಆರಾಧನೆಯ ಮಾತು. ಅದರಲ್ಲಿ ಒಂದು ಕವಳ ಬಿಟ್ಟರೂ ಅವಮೌದರ್ಯವೇ. ಶಕ್ತಿಯಿದ್ದವರು ಇಳಿಸುತ್ತ ಒಂದೇ ಕವಳದವರೆಗೂ ಹೋಗಬಹುದು. ಶ್ವೇತಾಂಬರ ಆಗಮಗಳಲ್ಲಿಯೂ 32ರ ಲೆಕ್ಕವುಂಟು. ಕವಳದ ಗಾತ್ರದ ವಿವರಣೆ ಮಾತ್ರ ಬೇರೆ. ಚಂದ್ರಕಲೆಯೊಡನೆ ತುತ್ತುಗಳನ್ನು ಏರಿಸಿ ಇಳಿಸುವ ಕವಲಚಾಂದ್ರಾಯಣ ವ್ರತವೂ ಉಂಟು.

ಕವಳವೆಂದರೆ ಎಷ್ಟು? ವ್ಯಾಪಾರಿಗೆ ಮೊದಲು ಏಳುವ ಪ್ರಶ್ನೆ ಅದು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಳಾ ಟೀಕೆ ಇದಕ್ಕೆ ಉತ್ತರ ಕೊಡುತ್ತದೆ. ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದ ಈ ಗ್ರಂಥವನ್ನು 1939ರಿಂದ ಡಾ. ಹೀರಾಲಾಲ ಜೈನರು 16 ಸಂಪುಟಗಳಲ್ಲಿ ಹೊರತಂದರು. ಸಾವಿರ ಶಾಲಿ ಅಕ್ಕಿಯ ಕಾಳುಗಳು ಬೆಂದಾಗ ಆಗುವ ಅನ್ನವೇ ಒಂದು ಕವಳವೆಂದು ಅಲ್ಲಿ ಹೇಳಿದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಮಾತು. ಎಲ್ಲರ ಕವಳವೂ ಆಹಾರವೂ ಒಂದೇ ಪ್ರಮಾಣದಲ್ಲಿ ನಿಂತಿರುವುದಿಲ್ಲ. ಯಾರ ಪ್ರಕೃತಿಗೆ ಯಾವ ಆಹಾರ ಸಹಜವೋ ಅದನ್ನೇ ಅವರ ಪೂರ್ಣ ಪ್ರಮಾಣವೆಂದು ಹಿಡಿದು, ಅದರಿಂದ ಕಡಿಮೆ ಮಾಡಬೇಕೆಂದು ಆಚಾರ್ಯರು ವಿವರಿಸುತ್ತಾರೆ.

ಆಯನೂರಿನ ನಮ್ಮ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಮೊಮ್ಮಗಳನ್ನು ಜೊತೆಗೆ ಕೂರಿಸಿಕೊಂಡು ಸಾವಿರ ಕಾಳು ಎಣಿಸಿದೆ. ಹೊಂಬುಜಕ್ಕೆ ಹೊರಟ ಯಾತ್ರಿಕರೊಬ್ಬರು ಬಾಳೆಹಣ್ಣು ಕೊಳ್ಳಲು ಬಂದು, ನಾವು ಏನೋ ಜಪ ಮಾಡುತ್ತಿದ್ದೇವೆಂದು ತಿಳಿದು ಸುಮ್ಮನೆ ನಿಂತಿದ್ದರು. ದಪ್ಪ ಅಕ್ಕಿ 20 ಗ್ರಾಂ ತೂಗಿತು, ಸೋನಾ ಮಸೂರಿ 12 ಗ್ರಾಂ. ದಪ್ಪ ಅಕ್ಕಿಯಲ್ಲಿ 32 ಕವಳಕ್ಕೆ 640 ಗ್ರಾಂ, 28ಕ್ಕೆ 560 ಗ್ರಾಂ. ನೂರು ಗ್ರಾಂ ಅಕ್ಕಿಗೆ 345 ಕ್ಯಾಲೊರಿಯಂತೆ ಕ್ರಮವಾಗಿ ಸುಮಾರು 2,200 ಮತ್ತು 1,930. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕುಳಿತು ಕೆಲಸ ಮಾಡುವ ಪುರುಷನಿಗೆ 2,110, ಸ್ತ್ರೀಗೆ 1,660 ಎಂದು ಹೇಳಿದೆ. ಇದನ್ನು ಕಂಡು ನಮ್ಮ ಪೂರ್ವಾಚಾರ್ಯರಿಗೆ ಕ್ಯಾಲೊರಿ ತಿಳಿದಿತ್ತೆಂದು ವೇದಿಕೆಯ ಮೇಲೆ ಹೇಳುವ ಚಪಲ ಕೆಲವರಿಗೆ ಬರಬಹುದು. ಸೋನಾ ಮಸೂರಿ ಹಿಡಿದರೆ ಅದೇ 32 ಕವಳ 1,325ಕ್ಕೆ ಇಳಿಯುತ್ತದೆ. ಆದುದರಿಂದ ಆ ಮಾತು ನಿಲ್ಲದು. ಅವರಿಗೆ ತಿಳಿದಿದ್ದುದು ಬೇರೆ: ಉಣ್ಣುವುದನ್ನು ಎಣಿಸಬಹುದು, ಎಣಿಸಿದ್ದನ್ನು ಇಳಿಸಬಹುದು ಎಂಬುದು.

ಕ್ಯಾಲೊರಿಯ ಚರಿತ್ರೆ ಈಚಿನದು. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ 1890ರ ದಶಕದಲ್ಲಿ ಅಟ್‌ವಾಟರ್ ಎಂಬ ವಿಜ್ಞಾನಿ ಮನುಷ್ಯರನ್ನೇ ಉಷ್ಣಮಾಪಕ ಕೋಣೆಯಲ್ಲಿರಿಸಿ ಆಹಾರದ ಶಕ್ತಿಯನ್ನು ಅಳೆದರು. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4, ಕೊಬ್ಬಿಗೆ 9 ಎಂಬ ಇಂದಿಗೂ ಬಳಕೆಯಲ್ಲಿರುವ ಲೆಕ್ಕ ಅವರದು. ಅದನ್ನು ಮೈ ಇಳಿಸಲು ಬಳಸಿ ಜನಪ್ರಿಯಗೊಳಿಸಿದವರು ಲೂಲು ಹಂಟ್ ಪೀಟರ್ಸ್ ಎಂಬ ವೈದ್ಯೆ. ಅವರ ಪುಸ್ತಕ 1918ರಲ್ಲಿ ಬಂತು. ಭಾರತದ ಆಹಾರಗಳ ಪಟ್ಟಿಯನ್ನು ಕೂನೂರಿನ ಪ್ರಯೋಗಾಲಯದಿಂದ 1937ರಲ್ಲಿ ಪ್ರಕಟಿಸಿದವರು ಅಯ್ಕ್ರಾಯ್ಡ್. ಆ ಪ್ರಯೋಗಾಲಯವೇ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ.

ಆ ಪಟ್ಟಿ ನನ್ನ ಕೈಗೆ ಬಂದುದು ಐವತ್ತೆರಡನೆಯ ವಯಸ್ಸಿನಲ್ಲಿ. ಆಗ ನನ್ನ ತೂಕ 84 ಕಿಲೋ. ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು. ವೈದ್ಯರ ಮಾತಿನಂತೆ, ಬಿ.ಕಾಂ. ಓದಿದವನಿಗೆ ಸಹಜವಾಗಿ, ದಿನವಹಿ ಪುಸ್ತಕವೊಂದನ್ನು ತೆರೆದು ಇಡ್ಲಿಯಿಂದ ಮಜ್ಜಿಗೆಯವರೆಗೆ ಜಮಾ ಬರೆದೆ. ಏಳು ತಿಂಗಳಲ್ಲಿ 72ಕ್ಕೆ ಬಂದೆ. ಹಿಗ್ಗಿನಿಂದ ಪುಸ್ತಕ ಮುಚ್ಚಿದೆ. ಆ ಬಳಿಕ ಮಗಳ ಮದುವೆ, ಹಬ್ಬಗಳು, ನೋಂಪಿಗಳು. ದಶಲಕ್ಷಣದಲ್ಲಿ ಉಪವಾಸವನ್ನೂ ಮಾಡುತ್ತಿದ್ದೆ, ಪಾರಣೆಯ ಹೋಳಿಗೆ ತುಪ್ಪದಲ್ಲಿ ಅದನ್ನು ಬಡ್ಡಿಸಹಿತ ವಸೂಲು ಮಾಡಿಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ 82.

ಇಳಿಸಿದ ತೂಕ ಮರಳಿ ಬರಲು ನಾಲಗೆಯ ಚಾಪಲ್ಯವೊಂದೇ ಕಾರಣವಲ್ಲ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಲೀಬೆಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ಹತ್ತರಲ್ಲಿ ಒಂದು ಪಾಲು ತೂಕ ಇಳಿದ ದೇಹವು ತನ್ನ ಖರ್ಚನ್ನೇ ತಗ್ಗಿಸಿಕೊಳ್ಳುತ್ತದೆ, ಅದೂ ಇಳಿದ ತೂಕಕ್ಕೆ ತಕ್ಕದ್ದಕ್ಕಿಂತ ಹೆಚ್ಚಾಗಿ. ಹಳೆಯ ಊಟಕ್ಕೆ ಮರಳಿದವನಿಗೆ ಅದೇ ಊಟ ಈಗ ಅಧಿಕ. ಲೆಕ್ಕವನ್ನು ಮುಗಿಸಬಹುದೆಂದು ಭಾವಿಸಿದ್ದೇ ನನ್ನ ತಪ್ಪು. ವರ್ಷದ ಕೊನೆಗೆ ತಾಳೆಪಟ್ಟಿ ಹಾಕಿದ ಮಾತ್ರಕ್ಕೆ ಯಾವ ಅಂಗಡಿಯೂ ಮರುದಿನ ಪುಸ್ತಕ ಬಿಟ್ಟು ಕೂರುವುದಿಲ್ಲವಷ್ಟೆ.

ಎರಡನೆಯ ಸಲ ಮೊದಲು ಪಟ್ಟಿ ಹಿಡಿದು ಇಳಿಸಿ, ಆಮೇಲೆ ಕವಳದ ಲೆಕ್ಕಕ್ಕೆ ಬಂದೆ. ನನ್ನ ಸಹಜ ಪ್ರಮಾಣವೇನೆಂದು ಒಂದು ತಿಂಗಳು ಎಣಿಸಿ, ಅದರಿಂದ ಊಟಕ್ಕೆರಡು ತುತ್ತು ಬಿಟ್ಟೆ. ದಪ್ಪ ಅಕ್ಕಿಯ ಒಂದು ಕವಳ 69 ಕ್ಯಾಲೊರಿ. ದಿನಕ್ಕೊಂದರಂತೆ ವರ್ಷಕ್ಕೆ 25,000ವನ್ನು ಮೀರುತ್ತದೆ. ಕಾಗದದ ಮೇಲೆ ಅದು ಮೂರು ಕಿಲೋ ಕೊಬ್ಬು, ಮೈಯಲ್ಲಿ ಅಷ್ಟು ಕಾಣದು. ಆದರೂ ಆರು ವರ್ಷಗಳಿಂದ 75ರ ಆಸುಪಾಸಿನಲ್ಲಿದ್ದೇನೆ. ಪ್ರತಿ ಸೋಮವಾರ ಅಂಗಡಿಯ ತಕ್ಕಡಿಯೇ ಸಾಕ್ಷಿ. ಸಕ್ಕರೆಗೆ ಔಷಧ ಸೇವಿಸುವವರು ಮಾತ್ರ ಉಪವಾಸಕ್ಕಾಗಲಿ ಈ ಇಳಿಕೆಗಾಗಲಿ ವೈದ್ಯರನ್ನು ಕೇಳದೆ ತೊಡಗಬಾರದು.

ತೂಕ ಇಳಿಸುವುದಕ್ಕೆ ಅವಮೌದರ್ಯವನ್ನು ಬಳಸುವುದು ತಪಸ್ಸನ್ನು ಸಣ್ಣದು ಮಾಡಿದಂತಲ್ಲವೇ ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದರ ಪ್ರಯೋಜನಗಳನ್ನು ಹೇಳುವಾಗ ಸಂಯಮ, ಎಚ್ಚರ, ಸಂತೋಷ, ಸ್ವಾಧ್ಯಾಯಗಳ ನಡುವೆ ದೋಷಗಳ ಶಮನವನ್ನೂ ಸೇರಿಸಿದ್ದಾರೆ. ಊಟದ ನಂತರ ಗ್ರಂಥ ಹಿಡಿದು ತೂಗಡಿಸುತ್ತಿದ್ದ ನಾನು ಈಗ ಎರಡು ಪುಟ ಹೆಚ್ಚು ಓದುತ್ತೇನೆ. ಅವರ ಪಟ್ಟಿಯಲ್ಲಿ ಅಷ್ಟಾದರೂ ನನಗೆ ದಕ್ಕಿದೆ.

ಬಸದಿಗಳ ದಾನಶಾಸನಗಳಲ್ಲಿ ಜೀರ್ಣೋದ್ಧಾರದ ಜೊತೆಗೇ ಋಷಿಯರ ಆಹಾರದಾನಕ್ಕೆ ಭೂಮಿ ಬಿಟ್ಟದ್ದನ್ನು ಓದುತ್ತೇವೆ. ಉಣ್ಣಿಸುವುದು ನಮ್ಮಲ್ಲಿ ಅಷ್ಟು ಹಳೆಯ ಪುಣ್ಯ. ಆದರೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ಪಾಯಸ ಸುರಿಯುವುದು ಆ ಪುಣ್ಯದಲ್ಲಿ ಸೇರುತ್ತದೆಯೇ? ಕಳೆದ ವರ್ಷ ನಮ್ಮ ಕಡೆಯ ಬಸದಿಯೊಂದರ ಸಭೆಯಲ್ಲಿ, ಸಾಮೂಹಿಕ ಭೋಜನದಲ್ಲಿ ಎರಡನೆಯ ಸಲ ಕೇಳಿದವರಿಗೆ ಮಾತ್ರ ಬಡಿಸೋಣವೆಂದು ಸೂಚಿಸಿದೆ. ಒತ್ತಾಯವಿಲ್ಲದ ಊಟ ಹೋಟೆಲಿನ ಊಟವೆಂದು ಹಿರಿಯರೊಬ್ಬರು ನೊಂದುಕೊಂಡರು. ಚರ್ಚೆಯ ಕೊನೆಗೆ ಅನ್ನಕ್ಕೆ ನನ್ನ ಸೂಚನೆ, ಸಿಹಿಗೆ ಹಳೆಯ ಪದ್ಧತಿ ಎಂದಾಯಿತು. ಸಿಹಿಯ ವಿಷಯವನ್ನು ಮುಂದಿನ ಅಷ್ಟಾಹ್ನಿಕದ ಸಭೆಯಲ್ಲಿ ಮತ್ತೆ ಎತ್ತುವವನಿದ್ದೇನೆ.